ವಾಲ್ ಬಂದದ್ರಿ

ಪಂಪಿನ ಹಸಿರು ಗುಂಡಿಯನ್ನು ನಾನೇ ಒತ್ತಬೇಕು ಎಂಬ ಆಸೆ ನನಗೆ ಬಹಳ ಇತ್ತು. ಮುಂದೆ ನಡೆದದ್ದೆಲ್ಲ ಆ ಆಸೆಯಿಂದಲೇ ಹುಟ್ಟಿದ್ದು, ಹಾಗಾಗಿ ಮೊದಲು ಅದನ್ನೇ ಹೇಳಿಬಿಡುತ್ತೇನೆ. ಮದುವೆಗೆ ಮುಂಚೆ ಸೀರೆಯನ್ನು ಮತ್ತೆ ಮತ್ತೆ ಬಿಚ್ಚಿ ನೋಡುವವರ ಹಾಗೆ, ಆ ವಾರವೆಲ್ಲ ನಾನು ಪಂಪ್‌ಹೌಸಿಗೆ ಹೋಗಿ, ಇನ್ನೂ ಕರೆಂಟು ಕೊಡದ ಆ ಗುಂಡಿಯ ಮೇಲೆ ಬೆರಳಿಟ್ಟು ನೋಡಿ ಬರುತ್ತಿದ್ದೆ.

"ಮೇಡಂ, ಅದೇನ್ ಓಡಿ ಹೋಗಂಗಿಲ್ರಿ," ಎಂದು ಪಂಪ್ ಆಪರೇಟರ್ ನಗುತ್ತಿದ್ದ.

ಭೀಮಾ ದಂಡೆಯಲ್ಲಿ, ಗಾಣಗಾಪುರದಿಂದ ಸ್ವಲ್ಪ ಆಚೆ, ನಮ್ಮ ಕುಡಿಯುವ ನೀರಿನ ಯೋಜನೆಯ ಪಂಪ್‌ಹೌಸ್ ಇದೆ. ಅಲ್ಲಿಂದ ಹೊರಟ ದೊಡ್ಡ ಕೊಳವೆ ಗೊಬ್ಬೂರಿನ ದಿಕ್ಕಿಗೆ ಹೊಲಗಳ ಅಂಚಿನಲ್ಲಿ ಸಾಗಿ, ಒಂದು ತಗ್ಗು ದಾಟಿ, ದಿಬ್ಬ ಏರಿ, ದಿಬ್ಬದ ನೆತ್ತಿಯ ಟ್ಯಾಂಕಿಗೆ ನೀರು ಮುಟ್ಟಿಸಬೇಕು. ಆ ತಗ್ಗಿನಲ್ಲೇ ಒಂದು ಸಣ್ಣ ಕೊಳವೆ ಕವಲೊಡೆದು ತುದಿಯ ಊರುಗಳ ಕಡೆ ಹೊರಳುತ್ತದೆ. ಕವಲಿನ ಬಾಯಲ್ಲಿ, ಇಟ್ಟಿಗೆ ಕಟ್ಟಿದ ಗುಂಡಿಯೊಳಗೆ, ಒಂದು ಕಬ್ಬಿಣದ ವಾಲ್ವ್. ನಮ್ಮ ಕಡೆ ಎಲ್ಲರ ಬಾಯಲ್ಲಿ ಅದು ‘ವಾಲ್’. ಎದೆಯೆತ್ತರದ ಕಬ್ಬಿಣದ ಚಾವಿಯನ್ನು ಅದರ ತಲೆಗೆ ಸಿಕ್ಕಿಸಿ, ಗಾಣದ ಎತ್ತಿನಂತೆ ಸುತ್ತು ಹಾಕುತ್ತ ತಿರುಗಿಸಿದರೆ ವಾಲ್ವ್ ಮುಚ್ಚುತ್ತದೆ.

ಕವಲಿನ ಕೆಲಸ ಇನ್ನೂ ಮುಗಿದಿರಲಿಲ್ಲ. ವಾಲ್ವ್ ದಾಟಿದ ಕೊಳವೆ ತುಸು ದೂರ ಹೋಗಿ, ಒಬ್ಬ ಗೌಡ್ತಿಯ ಹೊಲದ ಮಗ್ಗುಲಲ್ಲಿ ಬಾಯಿ ತೆರೆದುಕೊಂಡು ನಿಂತಿತ್ತು. ಮುಂದಿನ ಕೊಳವೆಗಳನ್ನು ತೋಡಿದ ಕಾಲುವೆಯ ಪಕ್ಕ ಸಾಲಾಗಿ ಮಲಗಿಸಿದ್ದರು. ಆದ್ದರಿಂದ ದೊಡ್ಡ ಕೊಳವೆಗೆ ಮೊದಲ ಸಲ ನೀರು ಬಿಡುವ ಮುನ್ನ ಕವಲಿನ ವಾಲ್ವ್ ಮುಚ್ಚಿರಲೇಬೇಕು. ಮುಚ್ಚಿದೆಯೋ ಇಲ್ಲವೋ ಎಂದು ಎಂಜಿನಿಯರ್ ಸ್ವತಃ ಚಾವಿ ಹಿಡಿದು ನೋಡಬೇಕು ಎಂಬುದು ನಮ್ಮ ಕಸುಬಿನ ಮೊದಲ ಪಾಠ. ಅಂದರೆ ಆ ಬೆಳಿಗ್ಗೆ ನಾನು ಇರಬೇಕಾದ ಜಾಗ ಗುಂಡಿಯ ಹತ್ತಿರ. ನಾನು ಇದ್ದದ್ದು ಹಸಿರು ಗುಂಡಿಯ ಹತ್ತಿರ.

ವಾಲ್ವಿನ ಬಳಿ ಇದ್ದವರು ನಮ್ಮ ನೀರುಗಂಟಿ. ಹೊರಗುತ್ತಿಗೆಯ ಕೆಲಸ, ವರ್ಷ ವರ್ಷ ಹೊಸದಾಗಿ ಸಹಿ ಬೀಳಬೇಕು, ಬೀಳದಿದ್ದರೆ ಮನೆ ದಾರಿ. ನನ್ನ ತಂದೆಯ ವಯಸ್ಸಿನವರಾದ್ದರಿಂದ ನಾನು ‘ಕಾಕಾ’ ಎನ್ನುತ್ತಿದ್ದೆ. ಕಾಕಾನ ಬಾಯಿ ಮಾತ್ರ ಯಾವ ವಾಲ್ವಿಗೂ ಬಗ್ಗುವಂಥದ್ದಲ್ಲ. ‘ಭೀಮಾನದಿ ನನ್ನ ಕೇಳೇ ಹರೀತದ್ರಿ’ ಎಂದು ಒಮ್ಮೆ ನನ್ನೆದುರೇ ಒಬ್ಬ ಅಧಿಕಾರಿಗೆ ಹೇಳಿದ್ದರು. ಹಳೆಯ ವಾಲ್ವ್ ಸರಿಯಾಗಿ ಬಿಗಿ ಹಿಡಿಯುತ್ತಿರಲಿಲ್ಲ. ಕಲಬುರಗಿಯ ಗೋದಾಮಿನಿಂದ ಹೊಸದು ಬರಬೇಕಿತ್ತು. ಹೊಸದನ್ನು ಆಮೇಲೆ ಕೂರಿಸಿದರಾಯಿತು, ಸದ್ಯಕ್ಕೆ ಹಳೆಯದನ್ನೇ ಮುಚ್ಚಿಬಿಡಿ, ಚೂರು ಸೋರಿದರೆ ಸೋರಲಿ ಎಂದು ಹಿಂದಿನ ದಿನ ನಾನು ಅವಸರದಲ್ಲಿ, ಸ್ಕೂಟಿಯ ಮೇಲೆ ಕೂತುಕೊಂಡೇ ಹೇಳಿದ್ದೆ. ಕಾಕಾ ತಲೆ ಆಡಿಸಿದ್ದರು. ಅವರ ತಲೆಗೆ ಹೋದದ್ದು ಇಷ್ಟೇ: ಹೊಸ ವಾಲ್ವ್ ಬರುತ್ತದೆ, ಅದು ಬಂದ ಮೇಲೆ ಕೆಲಸ.

ಬೆಳಿಗ್ಗೆ ಕರೆಂಟು ಬಂತು. ಆಪರೇಟರ್ ಪಂಪಿಗೆ ಪೂಜೆ ಮಾಡಿ, ಊದಿನಕಡ್ಡಿ ಹಚ್ಚಿ, ನನಗೆ ಕುಂಕುಮ ಕೊಟ್ಟ. ನನ್ನ ಕೈ ತುರಿಸುತ್ತಿತ್ತು. ಫೋನ್ ಮಾಡಿದೆ.

"ಕಾಕಾ, ವಾಲ್ ಏನಾತು?"

"ವಾಲ್ ಬಂದದ್ರಿ ಮೇಡಂ."

"ಖರೇ?"

"ಖರೇರಿ. ನನ್ನ ಕಣ್ಣಮುಂದ ಅದ."

ನಮ್ಮ ಕಡೆಯವರಲ್ಲದವರಿಗೆ ಇದನ್ನು ಸ್ವಲ್ಪ ಬಿಡಿಸಿ ಹೇಳಬೇಕು. ಉಳಿದ ಕಡೆ ‘ಇದೆ’ ಅನ್ನುವುದಕ್ಕೆ ನಾವು ‘ಅದ’ ಅನ್ನುತ್ತೇವೆ. ವಾಲ್ವ್ ಮುಚ್ಚಿದ್ದರೆ ‘ವಾಲ್ ಬಂದ್ ಅದ’. ವಾಲ್ವ್ ಬಂದು ತಲುಪಿದ್ದರೆ ‘ವಾಲ್ ಬಂದದ’. ಬರೆದರೆ ನಡುವೆ ಒಂದು ಸಂದು ಕಾಣುತ್ತದೆ, ಬಾಯಲ್ಲಿ ಅದೂ ಇಲ್ಲ. ನನ್ನ ಕಿವಿಗೆ ಬಿದ್ದದ್ದು ಮುಚ್ಚಿದ ವಾಲ್ವ್. ಕಾಕಾನ ಕಣ್ಣಮುಂದೆ ಇದ್ದದ್ದು ಆಗಷ್ಟೇ ಟೆಂಪೋದಿಂದ ಇಳಿದ, ಗೋಣಿಚೀಲ ಸುತ್ತಿದ ಹೊಸ ವಾಲ್ವ್. ಹಳೆಯದು ಪಕ್ಕದ ಗುಂಡಿಯೊಳಗೆ ಅರ್ಧಕ್ಕಿಂತ ಹೆಚ್ಚು ತೆರೆದೇ ಇತ್ತು.

ನಾನು ಗುಂಡಿ ಒತ್ತಿದೆ.

ಆ ಸದ್ದನ್ನು ಹೇಗೆ ಹೇಳಲಿ. ಮೊದಲು ಒಂದು ಗುರುಗುಟ್ಟುವಿಕೆ, ಆಮೇಲೆ ನೆಲವೇ ಸಣ್ಣಗೆ ನಡುಗಿ, ಮೋಟಾರು ತನ್ನ ಶ್ರುತಿ ಹಿಡಿಯಿತು. ಆಪರೇಟರ್ ಪಂಪಿನ ಬಾಯಿಯ ವಾಲ್ವನ್ನು ಮೆಲ್ಲಗೆ ತೆರೆಯುತ್ತ ಹೋದ. ಕಬ್ಬಿಣದೊಳಗೆ ಭೀಮೆ ನುಗ್ಗುವುದು ಅಂಗಾಲಿಗೆ ಗೊತ್ತಾಗುತ್ತಿತ್ತು. ನಾನು ಚಪ್ಪಾಳೆ ತಟ್ಟಿದೆ, ನಾಚಿಕೆಯಿಲ್ಲದೆ. ಒತ್ತಡ ತೋರಿಸುವ ಗೇಜಿನ ಮುಳ್ಳು ಏರತೊಡಗಿತು. ಏರಿತು, ಏರಿತು, ಏರಬೇಕಾದುದರ ಅರ್ಧಕ್ಕೆ ಬಂದು ನಿಂತಿತು.

"ಮೇಡಂ, ಮುಳ್ಳ ನಿಂತದ," ಎಂದ ಆಪರೇಟರ್.

"ಪೈಪ್ ತುಂಬಾಕತ್ತದ, ತುಂಬಲಿ ಬಿಡು," ಎಂದೆ. ಮುಳ್ಳು ಹಾಗೆ ನಿಂತರೆ ನೀರು ಎಲ್ಲೋ ಹೊರಗೆ ಹೋಗುತ್ತಿದೆ ಎಂದರ್ಥ. ಅದು ನನಗೆ ಪರೀಕ್ಷೆಯಲ್ಲಿ ಬರೆಯುವಷ್ಟು ಚೆನ್ನಾಗಿ ಗೊತ್ತಿತ್ತು. ಆದರೆ ಖುಷಿಯಲ್ಲಿದ್ದವರಿಗೆ ಮುಳ್ಳು ಕೂಡ ಹೂವಾಗಿಯೇ ಕಾಣುತ್ತದೆ.

ಫೋನ್ ಬಡಿಯಿತು. ಕಾಕಾ.

"ಮೇಡಂ, ನೀರ ಬಂದಾವ್ರಿ. ಬಂದ್ ಮಾಡ್ರಿ. ಜಲ್ದಿ ಬಂದ್ ಮಾಡ್ರಿ. ಹೊಲದಾಗ ಹೊಂಟಾವ."

ಪಂಪು ನಿಲ್ಲಿಸಿ ಸ್ಕೂಟಿ ಹತ್ತಿದೆ. ದಾರಿಯುದ್ದಕ್ಕೂ ನನ್ನ ತಲೆಯಲ್ಲಿ ಒಂದೇ ವಾಕ್ಯ ಓಡುತ್ತಿತ್ತು: ‘ನಾ ಕೇಳಿದೆ, ಅವ್ರು ಬಂದ್ ಅದ ಅಂದ್ರು.’ ತಿರುವಿನಲ್ಲೊಮ್ಮೆ, ಹಂಪಿನಲ್ಲೊಮ್ಮೆ, ಮಗ್ಗಿ ಒಪ್ಪಿಸುವವಳಂತೆ ಹೇಳಿಕೊಂಡೆ. ಹೇಳಿದಷ್ಟೂ ಅದು ಗಟ್ಟಿಯಾಗುತ್ತ ಬಂತು. ಹೊಲ ಮುಟ್ಟುವ ಹೊತ್ತಿಗೆ ನನ್ನ ತಪ್ಪು ಏನೂ ಇಲ್ಲ ಎಂದು ನಾನೇ ಪೂರ್ತಿ ನಂಬಿದ್ದೆ.

ಹೊಲದಲ್ಲಿ ಕಂಡದ್ದು ಬೇರೆಯೇ. ತೆರೆದ ಕೊಳವೆಯ ಬಾಯಿಂದ ನೀರು ಕಂಬದಷ್ಟು ದಪ್ಪವಾಗಿ ಹಾರುತ್ತಿತ್ತು. ಪಂಪು ನಿಂತಿದ್ದರೂ ದಿಬ್ಬ ಏರಿದ್ದ ನೀರೆಲ್ಲ ವಾಪಸು ಇಳಿದು ಕವಲಿನ ದಾರಿ ಹಿಡಿದಿತ್ತು. ಕರಿ ಮಣ್ಣಿನ ಹೊಲದಲ್ಲಿ ಅದು ಹಾಸುತ್ತ, ಕಟಾವು ಮುಗಿದ ತೊಗರಿಯ ರಾಶಿಯ ಕಡೆ ಹೊರಟಿತ್ತು. ರಾಶಿ ಅಂದರೆ ಆಗಷ್ಟೇ ಯಂತ್ರಕ್ಕೆ ಹಾಕಿ, ತೂರಿ, ಚೊಕ್ಕ ಮಾಡಿ ಟಾರ್ಪಾಲಿನ ತಾಡಪತ್ರಿಯ ಮೇಲೆ ಗುಡ್ಡ ಮಾಡಿದ ತೊಗರಿ. ಗೌಡ್ತಿಯ ಆಳುಗಳು ಸನಿಕೆ ಹಿಡಿದು ಒಡ್ಡು ಹಾಕುತ್ತಿದ್ದರು. ಹಾಕಿದ ಒಡ್ಡನ್ನು ನೀರು ನೆಕ್ಕಿಕೊಂಡು ಹೋಗುತ್ತಿತ್ತು.

ಇದೆಲ್ಲದರ ನಡುವೆ ನಮ್ಮವರು ಏನು ಮಾಡುತ್ತಿದ್ದರು? ಜಗಳ. ವಾಲ್ವಿನ ಗುಂಡಿ ನೀರು ತುಂಬಿ ನಿಂತಿತ್ತು. ಚಾವಿ ಅದರ ಪಕ್ಕ ನೆಲದ ಮೇಲೆ ಬಿದ್ದಿತ್ತು. ಕಾಕಾ ಈ ಕಡೆ, ಗುತ್ತಿಗೆದಾರನ ಮೇಸ್ತ್ರಿ ಆ ಕಡೆ.

"ಪೈಪಿನ ಬಾಯಿ ಮುಚ್ಚಲಾರ್ದ ಬಿಟ್ಟಾಂವ ನೀ," ಎಂದು ಕಾಕಾ.

"ವಾಲ್ ಬಂದ್ ಮಾಡಿದ್ರ ಬಾಯಿ ಯಾಕ ಮುಚ್ಚಬೇಕು? ನಾ ಕಡಗಂಚಿ ಕಡಿಂದ ಇಲ್ಲಿಗೆ ಪೈಪ್ ಹಾಕಾಕ ಬಂದೇನಿ, ನಿಮ್ಮ ವಾಲ್ ಕಾಯಾಕ ಅಲ್ಲ," ಎಂದು ಮೇಸ್ತ್ರಿ.

"ಮೊದಲ ಚಾವಿ ಹಾಕಿ ಬಂದ್ ಮಾಡ್ರಿ ಕಾಕಾ," ಎಂದೆ ನಾನು.

ಕಾಕಾ ಕೈ ಹಿಂದೆ ಕಟ್ಟಿಕೊಂಡರು. "ನಾ ಮುಟ್ಟಂಗಿಲ್ರಿ ಮೇಡಂ. ಈಗ ಮುಟ್ಟಿದ್ರ, ಇವನ ಏನೋ ಮಾಡ್ಯಾನ ಅಂತ ನಾಳೆ ನನ್ನ ತಲಿಗಿ ಬರ್ತದ. ಸಾಹೇಬರು ಬರ್ಲಿ, ಇದ್ದಂಗ ನೋಡ್ಲಿ."

ಮೇಸ್ತ್ರಿಯೂ ಮುಟ್ಟಲಿಲ್ಲ. ಅದು ಇಲಾಖೆಯ ವಾಲ್ವ್ ಅಂತೆ. ಆಗ ನನಗೆ ಒಂದು ವಿಷಯ ಹೊಳೆಯಿತು. ತಪ್ಪು ಯಾರದು ಎಂದು ತೀರ್ಮಾನ ಆಗುವವರೆಗೆ ಇಲ್ಲಿ ಯಾರೂ ಚಾವಿ ಎತ್ತುವುದಿಲ್ಲ. ಯಾರು ಎತ್ತುತ್ತಾರೋ ಅವರ ಕೈಗೇ ತಪ್ಪು ಅಂಟಿಕೊಳ್ಳುತ್ತದೆ ಎಂದು ಎಲ್ಲರೂ ಹೆದರಿದ್ದರು. ನೀರು ಮಾತ್ರ ತನ್ನ ಕೆಲಸ ಮಾಡಿಕೊಂಡು ಹೋಗುತ್ತಿತ್ತು.

ಗೌಡ್ತಿ ಸೀರೆಯ ನೆರಿಗೆ ಎತ್ತಿ ಸೊಂಟಕ್ಕೆ ಸಿಕ್ಕಿಸಿ, ಮೊಣಕಾಲವರೆಗೆ ಕೆಸರಾಗಿ ನನ್ನೆದುರು ಬಂದು ನಿಂತರು. ಹಣೆಯ ಮೇಲೆ ಮೂರು ಬೆರಳ ವಿಭೂತಿ, ಬೆವರಿಗೂ ಅಳಿಸಿರಲಿಲ್ಲ.

"ಬಾ ಯವ್ವಾ, ನೀ ಒಬ್ಬಾಕಿ ಕಮ್ಮಿ ಇದ್ದಿ. ಇಂವ ಅವನ ಹೆಸರ ಹೇಳ್ತಾನ, ಅಂವ ಇವನ ಹೆಸರ ಹೇಳ್ತಾನ. ನೀ ಯಾರ ಹೆಸರ ಹೇಳ್ತಿ?"

ನನ್ನ ಬಾಯಲ್ಲಿ ಆ ವಾಕ್ಯ ಸಿದ್ಧವಾಗಿತ್ತು. ‘ನಾ ಕೇಳಿದೆ, ಅವ್ರು...’ ಎಂದು ನಾಲಿಗೆ ಎದ್ದಿತು. ಪಕ್ಕದಲ್ಲಿ ಗೋಣಿಚೀಲ ಸುತ್ತಿಕೊಂಡು ಕೂತ ಹೊಸ ವಾಲ್ವ್ ಕಂಡಿತು. ಬಂದದ ಎಂದರೆ ಬಂದಿತ್ತು, ಪಾಪ, ಕಾಕಾ ಸುಳ್ಳು ಹೇಳಿರಲಿಲ್ಲ. ನಾನು ಇಲ್ಲಿಗೆ ಬಂದು ನಿಂತಿದ್ದರೆ ಎರಡು ಹೆಜ್ಜೆಯಲ್ಲಿ ಗೊತ್ತಾಗುತ್ತಿತ್ತು. ನಾನು ಬರಲಿಲ್ಲ, ಯಾಕೆಂದರೆ ನನಗೆ ಗುಂಡಿ ಒತ್ತಬೇಕಿತ್ತು. ಇದನ್ನು ಯಾವ ಬಾಯಿಂದ ಇನ್ನೊಬ್ಬರ ಮೇಲೆ ಹಾಕಲಿ?

"ಗಲತಿ ನಂದ್ರಿ ಅವ್ವಾರ," ಎಂದೆ. "ವಾಲ್ ನೋಡಲಾರ್ದ ಪಂಪ್ ಚಾಲೂ ಮಾಡೇನಿ. ಇವರಿಬ್ಬರದೂ ಏನಿಲ್ಲ. ಇದರ ಜಿಮ್ಮಾ ನಂದು."

ಗೌಡ್ತಿ ನನ್ನ ಮುಖ ನೋಡಿದರು. ಮೇಸ್ತ್ರಿ ಬಾಯಿ ಮುಚ್ಚಿದ. ಕಾಕಾ ಹಿಂದೆ ಕಟ್ಟಿದ ಕೈ ಬಿಚ್ಚಿದರು. ಬೈಗುಳಕ್ಕೆ ನಾನು ಕಾದೆ.

"ಹಂಗಾರ ನಿಂತು ಏನ್ ನೋಡ್ತಿ? ಹಿಡಿ ಬುಟ್ಟಿ," ಎಂದರು ಗೌಡ್ತಿ.

ಅಷ್ಟೇ. ಜಗಳ ಆಡಲು ಯಾರಿಗೂ ಏನೂ ಉಳಿಯಲಿಲ್ಲ. ಒಂದು ಗಳಿಗೆ ಎಲ್ಲರೂ ಕೆಲಸ ಕಳೆದುಕೊಂಡವರಂತೆ ನಿಂತು, ಮರುಗಳಿಗೆ ಎಲ್ಲರೂ ಒಟ್ಟಿಗೆ ಓಡಿದರು. ಮೇಸ್ತ್ರಿ ತನ್ನ ಆಳುಗಳನ್ನು ರಾಶಿಯ ಕಡೆ ಅಟ್ಟಿ, ಜೆಸಿಬಿಯವನನ್ನು ಕೂಗಿ, ನೀರಿಗೆ ಅಡ್ಡ ಒಂದು ಕಾಲುವೆ ಸೀಳಲು ಹೇಳಿದ. ನಾನು ಬುಟ್ಟಿ ಹಿಡಿದು ರಾಶಿಯ ಅಂಚಿನ ತೊಗರಿಯನ್ನು ತುಂಬಿ ತುಂಬಿ ಎತ್ತರದ ಬದುವಿಗೆ ಸಾಗಿಸಿದೆ. ಅಂಗೈ ಉರಿಯುತ್ತಿತ್ತು, ಚಪ್ಪಲಿ ಕೆಸರಿನಲ್ಲಿ ಎಲ್ಲೋ ಹೂತು ಹೋಗಿತ್ತು, ಆದರೂ ಎದೆಯೊಳಗೆ ಬೆಳಗಿನದಕ್ಕಿಂತ ದೊಡ್ಡ ಹುರುಪು. ಸುಳ್ಳು ಹೇಳಬಾರದು, ಆ ಹೊತ್ತು ನನಗೆ ಬಹಳ ಹಗುರ ಅನ್ನಿಸಿತ್ತು.

"ಮೇಡಂ, ಇಲ್ಲಿ ಬರ್ರಿ," ಎಂದು ಕಾಕಾ ಕೂಗಿದರು. ಅವರು ಸೊಂಟದವರೆಗೆ ಗುಂಡಿಯ ನೀರಿನಲ್ಲಿ ಇಳಿದಿದ್ದರು. ಚಾವಿ ವಾಲ್ವಿನ ತಲೆಗೆ ಕೂತಿತ್ತು. ಒಂದಿಷ್ಟು ಸುತ್ತು ತಿರುಗಿ ಬಿಗಿಯಾಗಿ ನಿಂತಿತ್ತು.

"ಮುಂದ ಹೋಗವಲ್ದು. ಬುಡದಾಗ ಉಸುಕ ಕೂತದ."

ವಾಲ್ವಿನೊಳಗೆ ಒಂದು ಕಬ್ಬಿಣದ ಹಲಗೆ ಇಳಿದು ನೀರಿನ ದಾರಿ ಮುಚ್ಚುತ್ತದೆ. ಹಲಗೆ ಕೂರುವ ತೋಡಿನಲ್ಲಿ ಮರಳು, ಕಲ್ಲುಚೂರು ತುಂಬಿದರೆ ಅದು ಪೂರ್ತಿ ಕೂರದು. ಬಲವಂತ ಮಾಡಿದರೆ ಒಳಗಿನ ದಂಡವೇ ಮುರಿದೀತು. ಆಗ ಮುಚ್ಚುವುದೂ ಇಲ್ಲ, ತೆರೆಯುವುದೂ ಇಲ್ಲ. ಅದಕ್ಕೆ ಇರುವ ಉಪಾಯ ಒಂದೇ, ಅದು ಉಲ್ಟಾ ಉಪಾಯ: ವಾಲ್ವನ್ನು ಇನ್ನಷ್ಟು ತೆರೆಯಬೇಕು. ನೀರು ಜೋರಾಗಿ ನುಗ್ಗಿ ಬುಡದ ಮರಳನ್ನು ತೊಳೆದುಕೊಂಡು ಹೋಗಬೇಕು. ಆಗ ಒಮ್ಮೆಲೇ ತಿರುಗಿಸಿ ಮುಚ್ಚಬೇಕು.

"ತೆರೀರಿ ಕಾಕಾ. ಪೂರಾ ತೆರೀರಿ," ಎಂದೆ.

ಕಾಕಾ ತಲೆಯೆತ್ತಿ ನೋಡಿದರು. "ತೆರದ್ರ ನೀರ ಹೆಚ್ಚಾಗ್ತಾವ್ರಿ. ರಾಶಿ ಹೋತಂದ್ರ ಯಾರ್ ಜವಾಬ್ ಕೊಡಬೇಕು?"

"ನಾನೇರಿ. ಹೇಳೇನಲ್ಲ, ಜಿಮ್ಮಾ ನಂದು ಅಂತ."

ಕಾಕಾ ಹಲ್ಲು ಕಿರಿದರು. "ಮೇಡಂ, ನೀವು ಹಿಂಗ ಎಲ್ಲಾ ನಿಮ್ಮ ಮ್ಯಾಲೇ ಹಾಕ್ಕೊಂಡ್ರ ನಮಗೇನ್ ಉಳೀತು?"

ಆದರೆ ಚಾವಿ ತಿರುಗಿತು. ಅವರು ಆ ಕಡೆಯ ಹಿಡಿ, ನಾನು ಗುಂಡಿಯ ಅಂಚಿಗೆ ಬೋರಲು ಮಲಗಿ ಈ ಕಡೆಯ ಹಿಡಿ. ಕೊಳವೆಯ ಬಾಯಿ ಒಮ್ಮೆ ಘರ್ಜಿಸಿತು. ರಾಶಿಯ ಕಡೆಯಿಂದ ಹೆಂಗಸರು ಕೂಗಿದರು. ಗೌಡ್ತಿಯ ದನಿ ಎಲ್ಲಕ್ಕಿಂತ ಮೇಲೆ ಕೇಳಿತು, ನನ್ನ ಇಡೀ ವಂಶವನ್ನು ಅವರು ಆ ಒಂದು ಉಸಿರಿನಲ್ಲಿ ವಿಚಾರಿಸಿಕೊಂಡರು. ನೀರಿನ ಬಣ್ಣ ಕೆಂಪಗೆ ರಾಡಿಯಾಗಿ ಬಂತು, ಅದರ ಜೊತೆ ಕಲ್ಲುಚೂರುಗಳು ಸಿಡಿದವು. ನಾನು ಆ ರಾಡಿಯನ್ನೇ ಕಣ್ಣು ಪಿಳುಕಿಸದೆ ನೋಡುತ್ತಿದ್ದೆ. ರಾಡಿ ತಿಳಿಯಾಗತೊಡಗಿತು.

"ಈಗರಿ ಕಾಕಾ. ತಿರಗಸ್ರಿ."

ತಿರುಗಿಸಿದೆವು. ಭುಜ ಕಳಚಿ ಬೀಳುವಂತೆ ತಿರುಗಿಸಿದೆವು. ಮೇಸ್ತ್ರಿಯೂ ಗುಂಡಿಗೆ ಧುಮುಕಿ ನನ್ನ ಹಿಡಿಯ ಮೇಲೆ ತನ್ನ ಕೈ ಇಟ್ಟ. ಬಿಗಿದಿದ್ದ ಜಾಗಕ್ಕೆ ಚಾವಿ ಬಂತು, ಕಿರ್ರ್ ಎಂದಿತು, ದಾಟಿತು. ಕೊಳವೆಯ ಬಾಯಿಯ ಕಂಬ ಸಣ್ಣದಾಗಿ, ಬಾಗಿ, ತೊದಲಿ, ಮಕ್ಕಳು ಉಗುಳಿದ ಹಾಗೆ ಚಿಮುಕಿ ನಿಂತಿತು. ಹಳೆಯ ವಾಲ್ವ್ ತನ್ನ ಚಟದಂತೆ ಚೂರು ಸೋರುತ್ತಿತ್ತು, ಅಷ್ಟೇ. ಕಾಕಾ ಗುಂಡಿಯ ನೀರಿನಲ್ಲೇ ನಿಂತು ಸೀಟಿ ಹೊಡೆದರು.

ರಾಶಿಯ ಒಂದು ಮಗ್ಗುಲು ನೆನೆದಿತ್ತು, ಉಳಿದದ್ದು ಉಳಿದಿತ್ತು. ನೆನೆದ ತೊಗರಿಯನ್ನು ಬಿಸಿಲಿಗೆ ಹರವಿ, ಸಂಜೆಯವರೆಗೂ ಕೈಯಾಡಿಸುವ ಕೆಲಸಕ್ಕೆ ಗೌಡ್ತಿ ನನ್ನನ್ನೂ ಕೂರಿಸಿದರು. "ಊರ ಲೂಟಿ ಆದಮ್ಯಾಲ ಅಗಸಿ ಬಾಗಲ ಹಾಕಿದ್ರಂತ," ಎಂದು ಒಂದು ಸಲ ಗೊಣಗಿದರು. ಆಮೇಲೆ ಮಜ್ಜಿಗೆ ಕೊಟ್ಟರು.

ಮಧ್ಯಾಹ್ನ ಸಾಹೇಬರು ಬಂದರು. ನಮ್ಮ ವಿಭಾಗದ ದೊಡ್ಡ ಎಂಜಿನಿಯರು, ಮೈಸೂರು ಕಡೆಯವರು. ಜೀಪಿನಿಂದ ಇಳಿದು ಹೊಲ ನೋಡಿ, ಕೊಳವೆ ನೋಡಿ, ನನ್ನ ಕೆಸರು ಬಟ್ಟೆ ನೋಡಿ, ಏನಾಯಿತು ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಕಾಕಾ ನಾಟಕ ಶುರು ಮಾಡಿದರು. ಒಂದು ಕಿವಿಗೆ ಕೈ ಇಟ್ಟು ನನ್ನ ದನಿಯಲ್ಲಿ "ಕಾಕಾ, ವಾಲ್ ಏನಾತು?" ಎಂದರು. ಇನ್ನೊಂದು ಕಿವಿಗೆ ಕೈ ಬದಲಿಸಿ ತಮ್ಮ ದನಿಯಲ್ಲಿ "ಬಂದದ್ರಿ ಮೇಡಂ!" ಎಂದರು. ಬಂದ್ ಅದ, ಬಂದದ ಎಂದು ಎರಡನ್ನೂ ಎಳೆದು ಎಳೆದು ತೋರಿಸಿದರು. ಸಾಹೇಬರಿಗೆ ಮೊದಲು ಅರ್ಥವಾಗಲಿಲ್ಲ. ಅರ್ಥವಾದ ಮೇಲೆ ಹೊಟ್ಟೆ ಹಿಡಿದು ನಕ್ಕರು. ಮೇಸ್ತ್ರಿ ನಕ್ಕ, ಡ್ರೈವರ್ ನಕ್ಕ, ನಾನೂ ನಕ್ಕೆ. ನಗುವಾಗ ನನ್ನ ತಪ್ಪು ಮೆಲ್ಲಗೆ ಕರಗಿ ಒಂದು ಒಳ್ಳೆಯ ಜೋಕಾಗುತ್ತಿರುವುದು ಗೊತ್ತಾಗುತ್ತಿತ್ತು. ಹಿತವಾಗಿಯೇ ಇತ್ತು.

ಸಾಹೇಬರು ನನ್ನನ್ನು ಜೀಪಿನ ಹಿಂದಕ್ಕೆ ಕರೆದರು.

"ಒಳ್ಳೇದಾಯ್ತಮ್ಮ. ನಿಮ್ಮದೇನೂ ತಪ್ಪಿಲ್ಲ. ಇಲ್ಲಿಯವರ ಕನ್ನಡವೇ ಹಾಗೆ, ಏನು ಹೇಳ್ತಾರೋ ಏನು ಕೇಳಿಸುತ್ತೋ. ಸ್ಥಳೀಯ ಸಿಬ್ಬಂದಿಯ ಅಸ್ಪಷ್ಟ ಮಾತಿನಿಂದ ಆದ ಪ್ರಮಾದ ಅಂತ ಬರೆದುಬಿಡಿ. ಈ ಮನುಷ್ಯನನ್ನ ಬಿಡಿಸಿ, ಸ್ವಲ್ಪ ಸರಿಯಾಗಿ ಮಾತಾಡೋ ಒಬ್ಬ ಹುಡುಗನ್ನ ಹಾಕ್ಕೊಳ್ಳೋಣ."

ನಾನು ಆ ಕಡೆ ನೋಡಿದೆ. ಕಾಕಾ ಡ್ರೈವರನಿಗಾಗಿ ಎರಡನೆಯ ಸಲ ನಾಟಕ ಆಡುತ್ತಿದ್ದರು. ಈ ಸಲ ನನ್ನ ಪಾತ್ರಕ್ಕೆ ಸೆರಗೂ ಹೊದ್ದಿದ್ದರು, ಹೆಗಲ ಮೇಲಿನ ಟವಲ್ಲಿನದು. ತಮ್ಮ ಅನ್ನಕ್ಕೇ ಕಲ್ಲು ಬೀಳುವ ಕಥೆಯನ್ನು ಅವರು ಅಷ್ಟು ಖುಷಿಯಿಂದ ಹೇಳುತ್ತಿದ್ದರು. ನನ್ನ ನಗು ಅಲ್ಲಿಗೆ ನಿಂತಿತು.

ಸಿಟ್ಟು ಬಂತು. ಸಾಹೇಬರ ಮೇಲೆ ಅಲ್ಲ, ಅವರು ನನಗೆ ಒಳ್ಳೆಯದನ್ನೇ ಬಯಸಿದ್ದರು. ಕಾಕಾನ ನೌಕರಿ ಒಂದು ಕಡೆ ಇರಲಿ, ನಮ್ಮ ಮಾತಿನ ಮೇಲೂ ತಪ್ಪು ಹೊರಿಸಲು ಹೊರಟಿದ್ದೆನಲ್ಲ ಎಂದು ನನ್ನ ಮೇಲೆಯೇ ಬಂದ ಸಿಟ್ಟು. ಜೇವರ್ಗಿಯ ನಮ್ಮ ಮನೆಯಲ್ಲಿ ನಾನು ಕಲಿತ ಮೊದಲ ಮಾತು ಇದೇ ಕನ್ನಡದ್ದು.

"ಸರ್, ಮಾತಿನದು ಏನೂ ತಪ್ಪಿಲ್ಲ," ಎಂದೆ.

"ಅಲ್ಲಮ್ಮ, ಈಗ ತಾನೇ..."

"ನಮ್ಮ ಮನೆಯೊಳಗ ದಿನಾ ಅಂತೀವ್ರಿ ಸರ್, ಬಸ್ ಬಂದದ ಅಂತ. ಅಂದ ಕೂಡಲೇ ಎದ್ದು ಹೊರಗ ಹೋಗಿ ನೋಡ್ತೀವಿ. ಬಸ್ ಬಂದು ನಿಂತದೋ, ಬಸ್ಸೇ ಬಂದ್ ಅದನೋ ಅಲ್ಲೇ ತಿಳೀತದ. ನಾ ಎದ್ದು ಹೋಗಲಿಲ್ರಿ. ಹೋಗಬೇಕಿತ್ತು, ಅದು ನನ್ನ ಕೆಲಸ. ಪಂಪಿನ ಗುಂಡಿ ಒತ್ತೋ ಹುಚ್ಚಿಗೆ ಅಲ್ಲೇ ಕೂತೆ. ಕುಣಿಲಾರದಾಕಿ ನೆಲ ಡೊಂಕ ಅಂದ್ಲಂತ, ಹಂಗಾಗ್ತದರಿ ಇದು."

ಸಾಹೇಬರ ಎದುರು ಕಚೇರಿಯ ಕನ್ನಡ ಬಿಟ್ಟು ನನ್ನ ಕನ್ನಡ ಆಡಿದ್ದು ಅದೇ ಮೊದಲು. ಆಡಿದ ಮೇಲೆ ಗೊತ್ತಾಯಿತು. ಸಾಹೇಬರು ಜೀಪಿಗೆ ಒರಗಿ ನಿಂತರು.

"ಪ್ರೊಬೇಷನ್ ಮೇಲಿದೀರಿ. ಗೊತ್ತಲ್ವಾ?"

"ಗೊತ್ತದ್ರಿ."

"ಇದನ್ನ ಬರವಣಿಗೆಯಲ್ಲಿ ಕೊಡ್ತೀರಾ?"

ಹೊಲದಲ್ಲಿ, ನೀರು ನುಗ್ಗುವಾಗ ‘ಗಲತಿ ನಂದು’ ಎಂದು ಕೂಗುವುದು ಸುಲಭವಿತ್ತು. ಜೀಪಿನ ನೆರಳಿನಲ್ಲಿ, ಮೈ ತಣ್ಣಗಾದ ಮೇಲೆ, ಅದೇ ಮಾತನ್ನು ಕಾಗದಕ್ಕೆ ಇಳಿಸುವುದು ಸುಲಭವಿರಲಿಲ್ಲ. ಮನೆಯಲ್ಲಿ ಅಪ್ಪನಿಗೆ ಏನು ಹೇಳುವುದು, ಕಾಯಂ ಆಗದಿದ್ದರೆ ಮುಂದೇನು ಎಂದು ಒಂದರ ಹಿಂದೊಂದು ಬಂದವು. ಹೆದರಿಕೆಯಾಯಿತು. ಆ ಕಡೆ ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವ ಕೆಲಸ ಸಿದ್ಧವಾಗಿತ್ತು, ನಾನು ಹೂಂ ಎಂದರೆ ಸಾಕಿತ್ತು.

"ಕೊಡ್ತೀನಿ ಸರ್," ಎಂದೆ. ಜೀಪಿನ ಬಾನೆಟ್ ಮೇಲೆಯೇ ಬರೆದು ಕೊಟ್ಟೆ. ಅಕ್ಷರ ಅಡ್ಡಾದಿಡ್ಡಿ ಬಂದಿದ್ದವು.

ಸಾಹೇಬರು ಓದಿ ಜೇಬಿಗೆ ಹಾಕಿಕೊಂಡರು. ಜೀಪು ಹತ್ತುವಾಗ, "ಟ್ರಯಲ್ ಮತ್ತೆ ಯಾವಾಗ?" ಎಂದು ಮಾತ್ರ ಕೇಳಿದರು.

ಹಳೆಯ ವಾಲ್ವ್ ಬಿಚ್ಚಿ ಹೊಸದನ್ನು ಕೂರಿಸಿದೆವು. ವಾಲ್ವಿನ ಮತ್ತು ಕೊಳವೆಯ ತುದಿಯಲ್ಲಿರುವ ಎರಡು ಕಬ್ಬಿಣದ ಚಕ್ರಗಳ ನಡುವೆ ರಬ್ಬರಿನ ಪಟ್ಟಿ ಇಟ್ಟು, ಎದುರುಬದುರು ಬೋಲ್ಟುಗಳನ್ನು ಸರದಿಯಂತೆ ಬಿಗಿಯಬೇಕು. ಒಂದೇ ಕಡೆ ಬಿಗಿದರೆ ರಬ್ಬರು ಒಂದು ಮಗ್ಗುಲಿಗೆ ಕೂತು ಇನ್ನೊಂದು ಮಗ್ಗುಲು ಸೋರುತ್ತದೆ. ಮೇಸ್ತ್ರಿ ಪ್ರತಿ ಬೋಲ್ಟಿಗೂ ನನ್ನನ್ನು ಕರೆದು ತೋರಿಸಿದ. ಆಮೇಲೆ ಯಾರೂ ಹೇಳದೆಯೇ ಕವಲಿನ ಕೊಳವೆಯ ತೆರೆದ ಬಾಯಿಗೆ ಒಂದು ಕಬ್ಬಿಣದ ಮುಚ್ಚಳ ತಂದು ಬಿಗಿದ. "ಇದನ್ನ ಮೊದಲ ಹಾಕಬೇಕಿತ್ತು, ನಂದೂ ಬುದ್ಧಿ ಹುಲ್ಲ ತಿನ್ನಾಕ ಹೋಗಿತ್ತು," ಎಂದು ಯಾರ ಕಡೆಯೂ ನೋಡದೆ ಹೇಳಿದ. ಕಾಕಾ ಅದಕ್ಕೆ ಏನಾದರೂ ಅನ್ನುತ್ತಾರೆ ಎಂದುಕೊಂಡೆ. ಅವರು ಮೇಸ್ತ್ರಿಗೆ ಎಲೆ ಅಡಿಕೆ ಕೊಟ್ಟರು.

ಎರಡನೆಯ ಟ್ರಯಲ್ ದಿನ ನಾನು ವಾಲ್ವಿನ ಗುಂಡಿಯ ಹತ್ತಿರ ನಿಂತೆ. ಚಾವಿ ಹಾಕಿ ನಾನೇ ತಿರುಗಿಸಿ, ವಾಲ್ವ್ ಮುಚ್ಚಿರುವುದನ್ನು ಕೈಯಾರೆ ಕಂಡುಕೊಂಡು, ಆಪರೇಟರನಿಗೆ ಫೋನ್ ಮಾಡಿದೆ. ಹಸಿರು ಗುಂಡಿ ಒತ್ತಿದ್ದು ಅವನೇ. ಅದರ ಸದ್ದು ನನಗೆ ಕೇಳಲಿಲ್ಲ. ಆದರೆ ಪಂಪ್‌ಹೌಸಿನಲ್ಲಿ ಕಾಣದ್ದು ಇಲ್ಲಿ ಕಂಡಿತು. ಮೊದಲು ದಿಬ್ಬದ ಬುಡದಲ್ಲಿ ಗಾಳಿ ಬಿಡುವ ಸಣ್ಣ ವಾಲ್ವ್ ಬುಸ್ಸೆಂದಿತು. ಕೊಳವೆಯೊಳಗೆ ತುಂಬಿದ್ದ ಗಾಳಿಯನ್ನು ನೀರು ಮುಂದಕ್ಕೆ ನೂಕುತ್ತ ಬರುತ್ತಿತ್ತು. ನಾನು ಹೊಸ ವಾಲ್ವಿನ ಮೇಲೆ ಎರಡೂ ಅಂಗೈ ಇಟ್ಟೆ. ಬಿಸಿಲಿಗೆ ಕಾದಿದ್ದ ಕಬ್ಬಿಣ, ನೋಡನೋಡುತ್ತಿದ್ದಂತೆ, ಅಂಗೈ ಕೆಳಗೆ ತಣ್ಣಗಾಯಿತು. ಭೀಮೆ ಬಂದಿದ್ದಳು. ಕವಲಿನ ಕಡೆ ಒಂದು ಹನಿ ಇಲ್ಲ.

"ಮುಳ್ಳ ಏರಾಕತ್ತದ್ರಿ ಮೇಡಂ," ಎಂದು ಆಪರೇಟರ್ ಫೋನಿನಲ್ಲಿ ಕೂಗುತ್ತಿದ್ದ. "ಏರಾಕತ್ತದ. ಇನ್ನೂ ಏರಾಕತ್ತದ."

ದಿಬ್ಬದ ಮೇಲಿನ ಟ್ಯಾಂಕಿನ ಹತ್ತಿರ ನಿಂತಿದ್ದ ಕಾಕಾ ಟವಲ್ ಬೀಸಿದರು. ನಾನು ಚಪ್ಪಲಿ ಅಲ್ಲೇ ಬಿಟ್ಟು ಬರಿಗಾಲಲ್ಲೇ ದಿಬ್ಬ ಹತ್ತಿ ಓಡಿದೆ. ಟ್ಯಾಂಕಿನೊಳಗೆ ನೀರು ಬೀಳುವ ಸದ್ದು, ಖಾಲಿ ಕೊಡಕ್ಕೆ ಬೀಳುವ ನಲ್ಲಿಯ ಸದ್ದೇ, ನೂರು ಪಟ್ಟು ದೊಡ್ಡದು. ಗೌಡ್ತಿ ತಮ್ಮ ಹೊಲದ ಬದುವಿನಲ್ಲಿ ನಿಂತು ಸೊಂಟದ ಮೇಲೆ ಕೈಯಿಟ್ಟು ನಮ್ಮನ್ನೇ ನೋಡುತ್ತಿದ್ದರು. ಕೈ ಬೀಸಿದೆ. ಅವರು ಬೀಸಲಿಲ್ಲ, ಆದರೆ ಹೋಗಲೂ ಇಲ್ಲ.

ಕೆಲವು ದಿನಗಳ ಮೇಲೆ ನನಗೆ ನೋಟಿಸು ಬಂತು. ಕರ್ತವ್ಯದಲ್ಲಿ ನಿರ್ಲಕ್ಷ್ಯ, ಪ್ರೊಬೇಷನ್ ಅವಧಿ ವಿಸ್ತರಣೆ, ಮುಂದೆ ಹೀಗಾದರೆ ಕಠಿಣ ಕ್ರಮ. ಕಾಯಂ ಆಗುವುದು ಮುಂದಕ್ಕೆ ಹೋಯಿತು. ಪಂಪ್‌ಹೌಸಿನ ಮೆಟ್ಟಿಲ ಮೇಲೆ ಅದನ್ನು ಹಿಡಿದು ಕೂತಿದ್ದಾಗ ಕಾಕಾ ಬಂದರು.

"ನೋಟಿಸ್ ಬಂದದ ಅಂತಲ್ರಿ. ಕೊಡ್ರಿ, ನೋಡೋಣ."

ಕೊಟ್ಟೆ. ಒಂದೊಂದು ಸಾಲಿನ ಕೆಳಗೂ ಬೆರಳು ಇಟ್ಟುಕೊಂಡು, ತುಟಿ ಆಡಿಸುತ್ತ ಓದಿದರು. ಕಾಗದ ತಿರುವಿ ಹಿಂದಿನ ಖಾಲಿ ಮಗ್ಗುಲನ್ನೂ ನೋಡಿದರು. ಮತ್ತೆ ಮೊದಲಿಂದ ಓದಿದರು.

"ಇದರಾಗ ನನ್ನ ಹೆಸರ ಎಲ್ಲೂ ಇಲ್ಲಲ್ರಿ."

"ಇಲ್ರಿ ಕಾಕಾ."

"ನೀರುಗಂಟಿ ಅಂತನೂ ಇಲ್ಲ?"

"ಇಲ್ಲ."

ಅವರು ನನ್ನ ಪಕ್ಕ ಮೆಟ್ಟಿಲ ಮೇಲೆ ಕೂತರು. ಆಮೇಲೆ ಅಂಗಿಯ ಜೇಬಿನಿಂದ ಫೋನ್ ತೆಗೆದು, ಅಂಗಿಯ ಚುಂಗಿನಿಂದ ಅದರ ಗಾಜು ಒರೆಸಿದರು.

"ಒಂದ್ ಫೋಟೋ ತಕ್ಕೊಳ್ಳಲೇನ್ರಿ ಮೇಡಂ? ನನ್ನ ಕೆಲಸ ಉಳದದ ಅಂದ್ರ ನಮ್ಮ ಮನಿಯಾಕಿ ನಂಬವಲ್ಲಳು. ಅವತ್ತಿನಿಂದ ಒಲಿ ಮುಂದ ಕುಂತು ಅಳಾಕತ್ಯಾಳ."

ಬೆಳಕು ಬೀಳುವಂತೆ ನಾನು ಕಾಗದವನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದೆ.